ಹೊಸದಾಗಿ ಹೊಲಿಗೆ ಕಲಿಯುವವರಿಗೆ: ಮನೆಯ ಬಟ್ಟೆಯಿಂದ ಶಾಲಾ ನಾಟಕದ ವೇಷದವರೆಗೆ

ಕೋರಿಕೆ

ನಾನು ಶಿವಮೊಗ್ಗ ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಅತ್ತೆಯವರು ಬಳಸುತ್ತಿದ್ದ, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಮನೆಯಲ್ಲಿ ಸುಮ್ಮನೆ ನಿಂತಿದೆ. ನನ್ನ ಕುರ್ತಾ ಹಾಗೂ ಮಗಳ ಫ್ರಾಕನ್ನು ಹೊಲಿದುಕೊಳ್ಳುವಷ್ಟಾದರೂ ಕಲಿಯಬೇಕೆಂಬ ಆಸೆಯಿದೆ. ವಾರ್ಷಿಕೋತ್ಸವದ ನಾಟಕಕ್ಕೆ ಬಾಡಿಗೆಗೆ ತರುವ ವೇಷಭೂಷಣ ಮಕ್ಕಳ ಮೈಗೆ ಹೊಂದುವುದೇ ಇಲ್ಲವಾದ್ದರಿಂದ ಕೆಲವನ್ನು ನಾವೇ ಹೊಲಿಯೋಣವೆಂದು ಸಹೋದ್ಯೋಗಿಗಳೂ ಹೇಳುತ್ತಿದ್ದಾರೆ. ಗುಂಡಿ ಹಚ್ಚುವುದನ್ನು ಬಿಟ್ಟರೆ ನನಗೆ ಏನೂ ಬಾರದು. ಹೊಸ ಯಂತ್ರ ಬೇಕೇ, ತರಗತಿಗೆ ಸೇರಲೇಬೇಕೇ, ಯಾವುದರಿಂದ ಆರಂಭಿಸಬೇಕು? ಅಮೆರಿಕದಲ್ಲಿರುವ ತಂಗಿ ಫ್ರಾಕಿನ ಪೇಪರ್ ಪ್ಯಾಟರ್ನ್ (ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಮಾದರಿ) ಕಳಿಸುತ್ತೇನೆ ಎನ್ನುತ್ತಾಳೆ. ಅದು ಉಪಯೋಗಕ್ಕೆ ಬರುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ದಾವಣಗೆರೆಯಿಂದ, ಮನೆಯಲ್ಲೇ ಹೊಲಿಗೆ ಹೇಳಿಕೊಡುವ ಒಬ್ಬರು

ಟೀಚರ್, ಹೊಸ ಯಂತ್ರವನ್ನು ಈಗಲೇ ಕೊಳ್ಳಬೇಡಿ. ನೇರ ಹೊಲಿಗೆಯನ್ನು ಮಾತ್ರ ಹಾಕುವ ಹಳೆಯ ಯಂತ್ರದಲ್ಲಿ ವೇಗವು ನಿಮ್ಮ ಕಾಲಿನ ಹಿಡಿತದಲ್ಲೇ ಇರುತ್ತದೆ. ಮೋಟಾರು ಯಂತ್ರವಾದರೆ ಹೊಸಬರು ಗೆರೆ ಹಿಡಿಯುವ ಮೊದಲೇ ಓಡಿಬಿಡುತ್ತದೆ. ಬಹಳ ಕಾಲ ನಿಂತ ಯಂತ್ರವಾದ್ದರಿಂದ ರಿಪೇರಿಯವರನ್ನು ಕರೆಸಿ ಬೆಲ್ಟು ಬದಲಿಸಿ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ನಡುವೆ ಮತ್ತು ಕೆಳಗಿನ ದಾರ ಕೂರುವ ಶಟಲ್ಲಿನ ಸುತ್ತ ಗಟ್ಟಿಯಾಗಿ ಕೂತಿರುವ ನೂಲಿನ ಧೂಳನ್ನು ತೆಗೆಸಿ, ಎಣ್ಣೆ ಹಾಕಿಸಿ. ಅದು ಮೆಷಿನ್ ಎಣ್ಣೆಯೇ ಆಗಬೇಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಬಿಟ್ಟರೆ ಅದು ಅಂಟುಗಟ್ಟಿ ಯಂತ್ರವನ್ನು ಬಿಗಿಯುತ್ತದೆ. ಎಣ್ಣೆ ಹಾಕಿದ ಬಳಿಕ ಚಿಂದಿ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಓಡಿಸದೆ ಒಳ್ಳೆಯ ಬಟ್ಟೆಯನ್ನು ಇಡಬಾರದು. ಸೂಜಿಯನ್ನಂತೂ ಹೊಸದಾಗಿ ಹಾಕಿಕೊಳ್ಳಿ: ಸಾಧಾರಣ ಹತ್ತಿ ಬಟ್ಟೆಗೆ 14ನೇ ನಂಬರು, ತೆಳುವಾದ ರೇಷ್ಮೆಗೆ 11, ಜೀನ್ಸಿನಂಥ ದಪ್ಪ ಬಟ್ಟೆಗೆ 16 ಅಥವಾ 18. ಅಲ್ಲಲ್ಲಿ ಹೊಲಿಗೆ ಬಿಟ್ಟುಹೋದರೆ ಯಂತ್ರವನ್ನು ದೂರುವ ಮೊದಲು ಸೂಜಿಯ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿ.

ಮೊದಲ ಅಭ್ಯಾಸವನ್ನು ದಾರವಿಲ್ಲದೆ ಮಾಡಿ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯನ್ನು ಯಂತ್ರದ ಪಾದದ (ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗದ) ಕೆಳಗಿಟ್ಟು ಗೆರೆಯ ಮೇಲೆಯೇ ಸೂಜಿ ಇಳಿಯುವಂತೆ ತುಳಿಯಿರಿ; ಆಮೇಲೆ ಕೈಯಿಂದ ವೃತ್ತ, ಚೌಕ ಬರೆದು ಅವುಗಳ ಮೇಲೆ ಓಡಿಸಿ. ಚಕ್ರ ಹಿಂದಕ್ಕೆ ತಿರುಗದಂತೆ ಆರಂಭಿಸುವುದು, ಮೂಲೆ ಬಂದಾಗ ಸೂಜಿಯನ್ನು ಒಳಗೇ ನಿಲ್ಲಿಸಿ ಪಾದ ಎತ್ತಿ ತಿರುಗಿಸುವುದು, ಇವೆರಡೂ ಕಾಗದದ ಮೇಲೆ ಕೈಗೆ ಹತ್ತಿದರೆ ಬಟ್ಟೆಯ ಮೇಲೆ ಭಯವಿರುವುದಿಲ್ಲ. ಕಾಗದಕ್ಕೆ ಬಳಸಿದ ಸೂಜಿ ಮೊಂಡಾಗಿರುತ್ತದೆ, ಅದನ್ನು ಬಟ್ಟೆಗೆ ಬಳಸಬೇಡಿ.

ದಾರ ಪೋಣಿಸಿದ ಮೇಲೆ ಎಲ್ಲರನ್ನೂ ಕಾಡುವ ತೊಂದರೆಯೆಂದರೆ ಬಟ್ಟೆಯ ಕೆಳಬದಿಯಲ್ಲಿ ದಾರ ಗುಂಜುಗುಂಜಾಗಿ ಸಿಕ್ಕಿಕೊಳ್ಳುವುದು. ಸಿಕ್ಕು ಕೆಳಗೆ ಕಾಣುವುದರಿಂದ ಎಲ್ಲರೂ ಕೆಳಗಿನ ದಾರ ಸುತ್ತಿರುವ ಬಾಬಿನ್ನನ್ನೇ ಬಿಚ್ಚಿ ತಿರುಪು ತಿರುಗಿಸಲು ಹೋಗುತ್ತಾರೆ. ದೋಷ ಸಾಮಾನ್ಯವಾಗಿ ಮೇಲಿನ ದಾರದಲ್ಲಿರುತ್ತದೆ. ಮೇಲಿನ ದಾರ, ಅದನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂರದಿದ್ದರೆ ಅದನ್ನು ಹಿಡಿದಿಡುವವರಿಲ್ಲದೆ ಕೆಳಗಿನ ದಾರ ಅದನ್ನು ಮಿತಿಮೀರಿ ಎಳೆದುಕೊಳ್ಳುತ್ತದೆ. ಆದ್ದರಿಂದ ಪಾದವನ್ನು ಮೇಲೆತ್ತಿ, ಅಂದರೆ ಬಿಲ್ಲೆಗಳು ಸಡಿಲವಾಗಿರುವಾಗ, ಮೇಲಿನ ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ. ಅದರಿಂದಲೂ ಸರಿಹೋಗದಿದ್ದರೆ ಬಾಬಿನ್ ಕೇಸನ್ನು ಅದರ ದಾರದಿಂದಲೇ ತೂಗುಹಾಕಿ ಮೆಲ್ಲಗೆ ಒಮ್ಮೆ ಜಗ್ಗಿ ನೋಡಿ: ಸ್ವಲ್ಪವೇ ಜಾರಿ ನಿಂತರೆ ಬಿಗಿ ಸರಿಯಿದೆ, ಸರ್ರನೆ ಇಳಿದರೆ ಸಡಿಲವಾಗಿದೆ, ಅಲ್ಲಾಡದಿದ್ದರೆ ಹೆಚ್ಚು ಬಿಗಿಯಾಗಿದೆ.

ಇಷ್ಟು ಬಂದರೆ ಯಂತ್ರದ ಪಾಠ ಮುಗಿದಂತೆ. ನನ್ನ ಅಭಿಪ್ರಾಯದಲ್ಲಿ ಹೊಲಿಗೆಯ ಮುಕ್ಕಾಲು ಪಾಲು ಇರುವುದು ಕತ್ತರಿ ಮತ್ತು ಇಸ್ತ್ರಿ ಪೆಟ್ಟಿಗೆಯಲ್ಲಿ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು; ಇಲ್ಲದಿದ್ದರೆ ಮೊದಲ ಒಗೆತದಲ್ಲಿಯೇ ಕುರ್ತಾ ಮೇಲೇರುತ್ತದೆ. ಬಟ್ಟೆಯ ಹಾಸು, ಅಂದರೆ ಉದ್ದದ ನೂಲು, ಅಂಚಿಗೆ ಸಮಾನಾಂತರವಾಗಿ ಓಡುತ್ತದೆ; ಹೊಕ್ಕು, ಅಂದರೆ ನೇಯುವಾಗ ಹಾಯಿಸುವ ನೂಲು, ಅಡ್ಡಲಾಗಿ. ಉಡುಪಿನ ಉದ್ದ ಹಾಸಿನ ದಿಕ್ಕಿಗೇ ಬರಬೇಕು. ಬಟ್ಟೆ ಉಳಿಸಲೆಂದು ಓರೆಯಾಗಿ ಇಟ್ಟು ಕತ್ತರಿಸಿದ ಕುರ್ತಾ ಕೆಲವು ಒಗೆತಗಳಾದ ಮೇಲೆ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಅದನ್ನು ಆಮೇಲೆ ಯಾವ ದರ್ಜಿಯೂ ಸರಿಪಡಿಸಲಾರ.

ದಿಂಬಿನ ಕವರಿನಿಂದ ಶುರುಮಾಡಿ, ನಂತರ ಆರು ಪೀಸಿನ ಲಂಗವನ್ನು ಹೊಲಿಯಿರಿ. ಲಂಗದಲ್ಲಿ ಓರೆ ಅಂಚನ್ನು ಎಳೆಯದೆ ಜೋಡಿಸುವುದು, ಲಾಡಿಗೆ ಜಾಗ ಬಿಟ್ಟು ಸೊಂಟದ ಪಟ್ಟಿ ಮಡಿಸುವುದು, ಕೆಳಗಿನ ಅಂಚು ಮಡಿಚುವುದು ಎಲ್ಲವೂ ಬರುತ್ತವೆ. ಹೊಲಿಗೆ ಸೊಟ್ಟಗಾದರೂ ಸೀರೆಯೊಳಗೆ ಯಾರಿಗೂ ಕಾಣುವುದಿಲ್ಲ. ಸೀರೆಯ ರವಿಕೆಗೆ ಮಾತ್ರ ಈಗ ಕೈ ಹಾಕಬೇಡಿ. ಎಲ್ಲರೂ ಅದರಿಂದಲೇ ಆರಂಭಿಸಬೇಕೆನ್ನುತ್ತಾರೆ, ಆದರೆ ಮೈಗಂಟಿ ಕೂರಬೇಕಾದ ಆ ಉಡುಪಿನಲ್ಲಿ ಕಾಲಿಂಚಿನ ತಪ್ಪೂ ಎದ್ದು ಕಾಣುತ್ತದೆ.

ಕುರ್ತಾಕ್ಕೆ ಬಂದಾಗ, ನಿಮಗೆ ಚೆನ್ನಾಗಿ ಹೊಂದುವ ಹಳೆಯದನ್ನು ಹಾಸಿ ಸುದ್ದಿಪತ್ರಿಕೆಯ ಮೇಲೆ ಪೇಪರ್ ಕಟಿಂಗ್ ಮಾಡಿಕೊಳ್ಳಿ, ಬಳಿಕ ಅಳತೆಯೊಂದಿಗೆ ತಾಳೆ ನೋಡಿ. ಎದೆ ಸುತ್ತಳತೆ 36 ಇಂಚು ಇದ್ದು 4 ಇಂಚು ಲೂಸ್ ಬೇಕಾದರೆ ಒಟ್ಟು 40; ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕತ್ತರಿಸುವುದರಿಂದ ಅದರ ನಾಲ್ಕನೆಯ ಒಂದು ಭಾಗ 10. ಅದರ ಹೊರಗೆ ಪಕ್ಕಕ್ಕೆ 1 ಇಂಚು, ಭುಜಕ್ಕೆ ಅರ್ಧ ಇಂಚು ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಒಳಗೆ ಉಳಿಯುವ ಬಟ್ಟೆ. ಹೆಣ್ಣುಮಗುವಿನ ಫ್ರಾಕಿಗಾದರೆ ಪಕ್ಕದಲ್ಲೂ ಕೆಳಗಿನ ಮಡಿಕೆಯಲ್ಲೂ ಇನ್ನಷ್ಟು ಬಟ್ಟೆಯನ್ನು ಒಳಗೆ ಬಿಡಿ, ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಬಹುದು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕತ್ತರಿಸುವಾಗ ಮೊದಲು ಹಿಂಭಾಗದ ಆಳವಿಲ್ಲದ ಕೊರಳನ್ನಷ್ಟೇ ಕತ್ತರಿಸಿ, ಆಮೇಲೆ ಮುಂಭಾಗವನ್ನು ಬೇರ್ಪಡಿಸಿ ಅದರ ಕೊರಳನ್ನು ಆಳಮಾಡಿ. ಕೊರಳಿಗೆ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಬಟ್ಟೆಯ ಪಟ್ಟಿ) ಹಚ್ಚಿದ ಮೇಲೆ, ಒಳಕ್ಕೆ ಮಡಿಸುವ ಮೊದಲು, ತಿರುವಿನ ಉದ್ದಕ್ಕೂ ಹೊಲಿಗೆಯ ತೀರ ಹತ್ತಿರದವರೆಗೆ, ಆದರೆ ಹೊಲಿಗೆ ತುಂಡಾಗದಂತೆ, ಕತ್ತರಿಯ ತುದಿಯಿಂದ ಸಣ್ಣ ಸಣ್ಣ ಕಚ್ಚು ಹಾಕಿ. ಹಾಗೆ ಮಾಡಿ ಇಸ್ತ್ರಿ ಒತ್ತಿದರೆ ಕೊರಳು ಮೈಮೇಲೆ ಮಲಗುತ್ತದೆ. ಮಾಡದಿದ್ದರೆ ಸುಕ್ಕುಗಟ್ಟಿ ನಿಲ್ಲುತ್ತದೆ.

ಹುಬ್ಬಳ್ಳಿಯಿಂದ

ಮೇಲಿನವರ ಮಾತಿಗೆ ನನ್ನದು ಸಣ್ಣ ಭಿನ್ನಾಭಿಪ್ರಾಯ. ಹೊಲಿಯುವ ಮೊದಲು ಬಿಚ್ಚುವುದನ್ನು ಕಲಿಯಿರಿ. ಒಳ್ಳೆಯ ದರ್ಜಿ ಹೊಲಿದ ಹಳೆಯ ರವಿಕೆಯೊಂದನ್ನು ಬ್ಲೇಡಿನಿಂದ ಹೊಲಿಗೆ ಬಿಡಿಸುತ್ತಾ ಹೋದರೆ ಯಾವ ಭಾಗ ಮೊದಲು ಕೂಡಿತು, ಯಾವುದು ಕೊನೆಗೆ ಕೂಡಿತು ಎಂಬುದು ಹಿಂದುಮುಂದಾಗಿ ತಾನೇ ತಿಳಿಯುತ್ತದೆ. ತೋಳಿನ ತುಂಡನ್ನು ಅರ್ಧಕ್ಕೆ ಮಡಚಿ ನೋಡಿ, ಮುಂದಿನ ಅರ್ಧ ಹಿಂದಿನದಕ್ಕಿಂತ ಹೆಚ್ಚು ಒಳಗೆ ಕೊರೆದಿರುತ್ತದೆ. ಎಡ ತೋಳು ಬಲಕ್ಕೆ ಹೋದರೆ ಕಂಕುಳಲ್ಲಿ ಏಕೆ ಎಳೆಯುತ್ತದೆ ಎಂಬುದು ಆಗ ಅರ್ಥವಾಗುತ್ತದೆ. ಇನ್ನೊಂದು ಮಾತು: ಮಗಳ ಫ್ರಾಕಿಗೆ ಗುಳೇದಗುಡ್ಡದ ಖಣ ಆರಿಸಿದರೆ ಅದರ ಅಗಲ ಕಡಿಮೆಯಿರುತ್ತದೆ ಎಂಬುದನ್ನು ನೆನಪಿಟ್ಟು ಹೆಚ್ಚು ಉದ್ದ ಕೊಳ್ಳಿ.

ಅಮೆರಿಕದ ಟೆಕ್ಸಾಸಿನಿಂದ

ಪೇಪರ್ ಪ್ಯಾಟರ್ನ್ ಬಗ್ಗೆ ಕೇಳಿದ್ದೀರಿ. ಉಪಯೋಗವಿದೆ, ಆದರೆ ಲೆಕ್ಕ ಬೇರೆ. ಸಿಂಪ್ಲಿಸಿಟಿ, ಬಟರಿಕ್, ಮೆಕಾಲ್ಸ್ ಮುಂತಾದ ಅಮೆರಿಕದ ಕಂಪನಿಗಳ ಪ್ಯಾಟರ್ನಿನಲ್ಲಿ ಸಾಮಾನ್ಯವಾಗಿ ಮಾರ್ಜಿನ್ ಒಳಗೇ ಸೇರಿರುತ್ತದೆ, ಅದು 5/8 ಇಂಚು, ಅಂದರೆ ಸುಮಾರು ಒಂದೂವರೆ ಸೆಂಟಿಮೀಟರು. ನಮ್ಮಲ್ಲಿ ಅಳತೆ ಹಾಕಿದ ಮೇಲೆ ಹೊರಗೆ ಮಾರ್ಜಿನ್ ಸೇರಿಸುವ ಅಭ್ಯಾಸವಿರುವುದರಿಂದ ಇಲ್ಲಿಯೂ ಸೇರಿಸಿದರೆ ಉಡುಪು ದೊಗಲೆಯಾಗುತ್ತದೆ. ಲಕೋಟೆಯ ಮೇಲಿನ ಸೈಜಿನ ಅಂಕಿಗೂ ಅಂಗಡಿಯ ಸಿದ್ಧ ಉಡುಪಿನ ಅಂಕಿಗೂ ಸಂಬಂಧವಿಲ್ಲ, ಮಗುವಿನ ಎದೆ ಮತ್ತು ಸೊಂಟದ ಅಳತೆಯನ್ನು ನೋಡಿಯೇ ಆರಿಸಲು ತಂಗಿಗೆ ಹೇಳಿ. ಒಂದೇ ಹಾಳೆಯಲ್ಲಿ ಹಲವು ಸೈಜುಗಳ ಗೆರೆಗಳು ಇರುತ್ತವೆ. ಅದನ್ನೇ ಕತ್ತರಿಸದೆ ಬೇರೆ ಕಾಗದಕ್ಕೆ ಇಳಿಸಿಕೊಂಡರೆ ಮಗು ಬೆಳೆದ ಹಾಗೆ ಮುಂದಿನ ಸೈಜೂ ಸಿಗುತ್ತದೆ.

ಸಾಗರದಿಂದ, ಹವ್ಯಾಸಿ ನಾಟಕ ತಂಡದ ವೇಷಭೂಷಣ ನೋಡಿಕೊಳ್ಳುವ ಒಬ್ಬರು

ಮನೆಯ ಬಟ್ಟೆಗೂ ರಂಗದ ಬಟ್ಟೆಗೂ ಕಣ್ಣು ಬೇರೆ. ವೇಷವನ್ನು ನೋಡುವವರು ದೂರದಲ್ಲಿರುತ್ತಾರೆ, ತೊಟ್ಟವರು ಕುಣಿಯುತ್ತಾರೆ, ಮುಂದಿನ ವರ್ಷ ಬೇರೊಂದು ಮಗು ತೊಡುತ್ತದೆ. ಆದ್ದರಿಂದ ಒಳಗಿನ ಹೊಲಿಗೆ ಅಂದವಾಗಿರಬೇಕಿಲ್ಲ, ಗಟ್ಟಿಯಾಗಿರಬೇಕು; ಕಂಕುಳು ಮತ್ತು ಕವಟೆಯಲ್ಲಿ ಎರಡೆರಡು ಹೊಲಿಗೆ ಹಾಕಿ. ಅಳತೆಯನ್ನು ಮಗು ಕೈ ಮೇಲೆತ್ತಿ, ಕುಕ್ಕರುಗಾಲಿನಲ್ಲಿ ಕೂತು, ಓಡಿ ತೋರಿಸಿದ ಮೇಲೆ ನಿರ್ಧರಿಸಿ. ಪಕ್ಕದಲ್ಲಿ ಎರಡು ಇಂಚಿನಷ್ಟು ಬಟ್ಟೆಯನ್ನು ಒಳಗೆ ಬಿಟ್ಟರೆ ಒಂದೇ ಅಂಗಿಯನ್ನು ಬಿಚ್ಚಿ, ಬಿಗಿದು ಹಲವು ಮಕ್ಕಳಿಗೆ ಹೊಂದಿಸಬಹುದು. ಬಾಡಿಗೆಯ ವೇಷ ನಿಮ್ಮ ಮಕ್ಕಳಿಗೆ ಹೊಂದದಿರುವುದೂ ಈ ಸೌಕರ್ಯವಿಲ್ಲದ ಕಾರಣಕ್ಕೇ.

ರಾಜ, ಮಂತ್ರಿ ಪಾತ್ರಗಳಿಗೆ ಹೊಳೆಯುವ ಸ್ಯಾಟಿನ್ ಕೊಳ್ಳಲು ಎಲ್ಲರೂ ಹೊರಡುತ್ತಾರೆ, ಹೊಸಬರಿಗೆ ಅದಕ್ಕಿಂತ ಕೆಟ್ಟ ಬಟ್ಟೆ ಇನ್ನೊಂದಿಲ್ಲ. ಅದು ಕತ್ತರಿಯ ಕೆಳಗೆ ಜಾರುತ್ತದೆ, ಅಂಚು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಬೆಳಕಿಗೆ ಕಣ್ಣು ಕುಕ್ಕುತ್ತದೆ, ಮಕ್ಕಳು ಬೆವರುತ್ತಾರೆ. ಬಣ್ಣ ಹಾಕಿಸಿದ ಕೋರಾ ಬಟ್ಟೆ ಅಥವಾ ಪಾಪ್ಲಿನ್‌ನಲ್ಲಿ ಉದ್ದನೆಯ ಅಂಗಿ ಹೊಲಿದು, ಹರಿದ ಹಳೆಯ ಸೀರೆಗಳಿಂದ ಬಿಡಿಸಿಟ್ಟ ಜರಿ ಅಂಚನ್ನು ಕೊರಳು, ತೋಳು ಮತ್ತು ಕೆಳಗಿನ ಸುತ್ತಿಗೆ ಹಚ್ಚಿದರೆ ದೂರದಿಂದ ದರಬಾರಿನ ಉಡುಪೇ. ಊರಿನ ಮನೆಗಳಲ್ಲಿ ಕೇಳಿದರೆ ಇಂಥ ಅಂಚುಗಳು ಬೇಕಾದಷ್ಟು ಸಿಗುತ್ತವೆ. ಬೆಂಗಳೂರಿಗೆ ಹೋಗುವವರಿದ್ದರೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನಲ್ಲಿ ಲೇಸು, ಮಣಿ, ಗೋಟು ಎಲ್ಲವೂ ಇವೆ. ವೇದಿಕೆಗೆ ಕೆಂಪು ದೀಪ ಹಾಕುತ್ತಾರೆಯೇ ಎಂದು ಮೊದಲೇ ವಿಚಾರಿಸಿ, ಏಕೆಂದರೆ ಆ ಬೆಳಕಿನಲ್ಲಿ ಹಸಿರು ಬಟ್ಟೆ ಕಪ್ಪಾಗಿ ಕಾಣುತ್ತದೆ.

ಕಚ್ಚೆ ಪಂಚೆಯನ್ನು ಪ್ರತಿ ಮಗುವಿಗೂ ಉಡಿಸುತ್ತಾ ಕೂತರೆ ಪರದೆ ಏಳುವುದಿಲ್ಲ. ಒಮ್ಮೆ ಸರಿಯಾಗಿ ಉಡಿಸಿ, ನೆರಿಗೆಗಳಿಗೆ ಪಿನ್ನು ಹಾಕಿ ಗುರುತು ಮಾಡಿಕೊಂಡು, ಬಿಚ್ಚಿ ಆ ಮಡಿಕೆಗಳ ಮೇಲೆಯೇ ಹೊಲಿದು ಸೊಂಟಕ್ಕೆ ಇಲಾಸ್ಟಿಕ್ ಕೊಟ್ಟರೆ ಚಡ್ಡಿಯಂತೆ ಏರಿಸಬಹುದು. ದೃಶ್ಯಗಳ ನಡುವೆ ಉಡುಪು ಬದಲಿಸಬೇಕಾದಲ್ಲಿ ವೆಲ್ಕ್ರೋ ಸುಲಭವೆನಿಸಿದರೂ ಕಿತ್ತಾಗ ಬರುವ ಪರ್ರೆಂಬ ಸದ್ದು ಸಭೆಗೆಲ್ಲ ಕೇಳುತ್ತದೆ. ದೊಡ್ಡ ಟಿಚ್ ಬಟನ್ ಅಥವಾ ಕಸೆ ವಾಸಿ.

ನಮ್ಮ ಭಾಗದ ಶಾಲೆಯಾದ್ದರಿಂದ ಯಕ್ಷಗಾನ ಪ್ರಸಂಗವನ್ನೂ ಆಡಿಸುತ್ತೀರೆಂದು ಊಹಿಸುತ್ತೇನೆ. ಅದರ ವೇಷದಲ್ಲಿ ಹೊಲಿದದ್ದಕ್ಕಿಂತ ಕಟ್ಟಿದ್ದು, ಸುತ್ತಿದ್ದು ಹೆಚ್ಚು. ದಗಲೆ ಎಂಬ ಮೇಲಂಗಿ ಮತ್ತು ಇಜಾರು ಎಂಬ ಷರಾಯಿಯನ್ನು ಮಕ್ಕಳ ಅಳತೆಗೆ ನೀವೇ ಹೊಲಿಯಿರಿ. ಬೇಗಡೆ (ಹೊಳೆಯುವ ತೆಳು ಹಾಳೆ) ಹಚ್ಚಿದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳ ಕೆಲಸ ಹೊಲಿಗೆಯದಲ್ಲ, ಬಣ್ಣದ ಮನೆಯ ಅನುಭವವಿರುವವರದು. ಅವನ್ನು ಬಾಡಿಗೆಗೆ ತರುವುದೇ ಲೇಸು, ಕಟ್ಟಲು ಬರುವವರನ್ನೂ ಜೊತೆಗೇ ಕರೆಸಿ.

ಉಜಿರೆಯಿಂದ

ತರಗತಿಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಇಷ್ಟು ಸೇರಿಸುತ್ತೇನೆ. 1982ರಲ್ಲಿ ಇಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಊಟ, ವಸತಿ ಸಹಿತ ಉಚಿತವಾಗಿ ಮಹಿಳೆಯರ ಹೊಲಿಗೆ ತರಬೇತಿ ಕೊಡುತ್ತವೆ. ಐ.ಟಿ.ಐ.ಗಳಲ್ಲಿ ಸೀವಿಂಗ್ ಟೆಕ್ನಾಲಜಿ ಎಂಬ ಒಂದು ವರ್ಷದ ಕೋರ್ಸಿದೆ. ಆದರೆ ಇವೆರಡೂ ಹೊಲಿಗೆಯನ್ನು ಜೀವನೋಪಾಯ ಮಾಡಿಕೊಳ್ಳುವವರಿಗಾಗಿ ಇರುವಂಥವು, ಶಾಲೆಯ ಕೆಲಸ ಬಿಟ್ಟು ನೀವು ಅಲ್ಲಿ ಕೂರಲಾಗದು. ನಿಮಗೆ ಹೊಂದುವುದು ಸಂಜೆ ಒಂದು ಗಂಟೆ ಹೇಳಿಕೊಡುವ ಹತ್ತಿರದ ದರ್ಜಿಯ ಮನೆ. ಸೇರುವ ಮುನ್ನ ಒಂದೇ ಪ್ರಶ್ನೆ ಕೇಳಿ: ಕತ್ತರಿಸುವುದನ್ನು ನಮ್ಮ ಕೈಯಿಂದಲೇ ಮಾಡಿಸುತ್ತೀರೋ, ಅಥವಾ ನೀವೇ ಕತ್ತರಿಸಿ ಹೊಲಿಯಲಷ್ಟೇ ಕೊಡುತ್ತೀರೋ? ಎರಡನೆಯ ಉತ್ತರ ಬಂದರೆ ಬೇರೆ ಮನೆ ನೋಡಿ.