ಗಾಡಿ ಅಡ್ಡಹಾಕಿ ಕೀ ಕಿತ್ಕೊಂಡ್ರೆ?

ಪ್ರಶ್ನೆ: ವಕೀಲ ಮೇಡಂಗೆ ನಮಸ್ಕಾರ. ಶನಿವಾರ ಸಂಜೆ ಹೆಂಡತೀನ ಕೂರಿಸ್ಕೊಂಡು ಬೈಕಲ್ಲಿ ಬರ್ತಿದ್ದೆ. ತಿರುವಿನಲ್ಲಿ ಮರದ ಹಿಂದಿನಿಂದ ಟ್ರಾಫಿಕ್ ಪೊಲೀಸ್ ಒಬ್ರು ಗಾಡಿಗೆ ಅಡ್ಡ ಬಂದ್ರು. ಬ್ರೇಕ್ ಹಾಕಿ ಕಾಲು ಊರೋ ಹೊತ್ತಿಗೆ ಕೀ ಅವರ ಕೈಲಿತ್ತು. ಇಬ್ಬರೂ ಹೆಲ್ಮೆಟ್ ಹಾಕಿದ್ವಿ. ಎಮಿಷನ್ ಮಾತ್ರ ಮುಗಿದು ನಾಲ್ಕು ದಿನ ಆಗಿತ್ತು. ಡಿಜಿಲಾಕರ್‌ನಲ್ಲಿ ಡಿಎಲ್, ಆರ್‌ಸಿ ತೋರಿಸಿದ್ರೆ "ಮೊಬೈಲ್ ಗಿಬೈಲ್ ನಡೆಯಲ್ಲ, ಒರಿಜಿನಲ್ ತೆಗಿ" ಅಂದ್ರು. ಐನೂರು ಕೊಟ್ಟ ಮೇಲೆ ಕೀ ವಾಪಸ್ ಬಂತು, ರಸೀದಿ ಬರ್ಲಿಲ್ಲ. ಇಷ್ಟೆಲ್ಲ ಮಾಡೋ ಅಧಿಕಾರ ಅವರಿಗೆ ಇದೆಯಾ?

ವಕೀಲರ ಉತ್ತರ: ಮೊದಲು ನಿಮಗೆ ಹಿಡಿಸದ ಮಾತು. ಎಮಿಷನ್ ಮುಗಿದಿದ್ದು ತಪ್ಪೇ, ನಾಲ್ಕು ದಿನವಾದರೂ ಸರಿ, ನಾಲ್ಕು ತಿಂಗಳಾದರೂ ಸರಿ. ಅದಕ್ಕೆ ಕೇಸ್ ಹಾಕಬಹುದು. ಮೋಟಾರು ವಾಹನ ಕಾಯ್ದೆ 1988ರ 130ನೇ ಕಲಂ ಪ್ರಕಾರ ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೆ ಡಿಎಲ್ ತೋರಿಸಲೇಬೇಕು. ಗಮನಿಸಿ, ಸಮವಸ್ತ್ರ. ಮಫ್ತಿಯಲ್ಲಿ ಬಂದವರಿಗೆ ಆ ಕಲಂ ಅನ್ವಯಿಸಲ್ಲ.

ಇನ್ನು ಮೊಬೈಲ್ ನಡೆಯಲ್ಲ ಅಂದಿದ್ದು. ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ 2018ರಲ್ಲೇ ತಿದ್ದುಪಡಿಯಾಗಿ, ದಾಖಲೆ ಕಾಗದದಲ್ಲಾದರೂ ಇರಲಿ, ಎಲೆಕ್ಟ್ರಾನಿಕ್ ರೂಪದಲ್ಲಾದರೂ ಇರಲಿ, ನಡೆಯುತ್ತದೆ. ಡಿಜಿಲಾಕರ್ ಸಾಕು. ಗ್ಯಾಲರಿಯಲ್ಲಿರೋ ಫೋಟೊ ಬೇರೆ, ಅದನ್ನು ತೋರಿಸಿ ವಾದ ಮಾಡಬೇಡಿ.

ಕೀ ವಿಷಯ. ದಾಖಲೆ ನೋಡೋದಕ್ಕೆ ನಿಲ್ಲಿಸಿದ ಗಾಡಿಯ ಕೀ ಕಿತ್ಕೊಳ್ಳಿ ಅಂತ ಹೇಳೋ ಕಲಂ ಆ ಕಾಯ್ದೆಯಲ್ಲಿ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಗಾಡಿಯನ್ನೇ ವಶಕ್ಕೆ ತಗೊಳ್ಳೋದು 207ನೇ ಕಲಂ: ಲೈಸೆನ್ಸ್ ಇಲ್ಲದವರು, ವಯಸ್ಸಾಗದ ಮಕ್ಕಳು ಓಡಿಸಿದರೆ, ನೋಂದಣಿ ಇಲ್ಲದಿದ್ದರೆ, ಪರ್ಮಿಟ್ ಇಲ್ಲದಿದ್ದರೆ. ಆಗ ಕೀ ಕೂಡ ಹೋಗುತ್ತೆ, ಸಹಜ. ಎಮಿಷನ್ ಆ ಪಟ್ಟಿಯಲ್ಲಿ ಇಲ್ಲ. ಡಿಎಲ್ ಇಟ್ಟುಕೊಳ್ಳೋದಾದರೆ 206ನೇ ಕಲಂ, ಆದರೆ ಬದಲಿಗೆ ಸ್ವೀಕೃತಿ ಚೀಟಿ ಕೊಡಬೇಕು. ಡಿಎಲ್ ವಾಪಸ್ ಬರೋ ತನಕ, ಅಥವಾ ಚೀಟಿಯಲ್ಲಿ ಬರೆದ ದಿನಾಂಕದವರೆಗೆ, ಅದೇ ನಿಮ್ಮ ಲೈಸೆನ್ಸ್.

ನಿವೃತ್ತ ಎಎಸ್‌ಐ ಒಬ್ಬರು: ಮೇಡಂ, ಕೀ ತೆಗೀದಿದ್ರೆ ನಮ್ಮ ಕಾಲ ಮೇಲೇ ಹತ್ತಿಸಿಕೊಂಡು ಹೋಗ್ತಾರೆ. ಹುಡುಗರ ಬೈಕ್ ಹಿಡಿಯೋಕೆ ಹೋಗಿ ನನ್ನ ಮಣಿಕಟ್ಟೇ ಮುರಿದಿದೆ. ಬಿಸಿಲಲ್ಲಿ ನಿಂತವರಿಗೆ ಗೊತ್ತು.

ವಕೀಲರ ಉತ್ತರ: ಒಪ್ತೀನಿ ಸರ್, ಆ ಕೆಲಸ ಸುಲಭ ಅಲ್ಲ. ಆದರೆ ಓಡಿಹೋದ ಗಾಡಿಗೆ ನಂಬರ್ ಪ್ಲೇಟ್ ಇದೆ, ನೋಟಿಸ್ ಮನೆಗೆ ಹೋಗುತ್ತೆ. 2025ರ ಮೇನಲ್ಲಿ ಮಂಡ್ಯದಲ್ಲಿ ಏನಾಯ್ತು ನೆನಪಿದೆಯಲ್ಲ. ನಾಯಿ ಕಚ್ಚಿದ ಮಗೂನ ಅಪ್ಪ ಅಮ್ಮ ಬೈಕಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರು. ತಪಾಸಣೆಗೆ ನಿಲ್ಲಿಸೋವಾಗ ಬಿದ್ದು ಮಗು ಹೋಯ್ತು, ಮೂವರು ಎಎಸ್‌ಐಗಳು ಅಮಾನತಾದ್ರು. ಅದರ ಬೆನ್ನಿಗೇ ಡಿಜಿಪಿ ಕಚೇರಿಯಿಂದ ಸೂಚನೆ ಬಂತು: ದಿಢೀರ್ ಅಡ್ಡ ಬರಬೇಡಿ, ಕೀ ಕೀಳಬೇಡಿ, ಬೆನ್ನಟ್ಟಬೇಡಿ. ಕಣ್ಣಿಗೆ ಕಾಣೋ ತಪ್ಪಿಲ್ಲದೆ ಬರೀ ದಾಖಲೆಗೆ ಗಾಡಿ ನಿಲ್ಲಿಸಬೇಡಿ ಅಂತ 2022ರ ಜೂನ್‌ನಲ್ಲೇ ಆಗಿನ ಡಿಜಿಪಿ ಪ್ರವೀಣ್ ಸೂದ್ ಹೇಳಿದ್ದರು. ಆದರೆ ಇವು ಇಲಾಖೆಯ ಒಳಗಿನ ಸೂಚನೆಗಳು. ಮೀರಿದರೆ ಶಿಸ್ತು ಕ್ರಮಕ್ಕೆ ದಾರಿ, ಅಷ್ಟೇ. ಅದನ್ನೇ ಹಿಡ್ಕೊಂಡು ನಿಮ್ಮ ಎಮಿಷನ್ ಕೇಸು ಬಿದ್ದುಹೋಗುತ್ತೆ ಅಂದ್ಕೋಬೇಡಿ.

ಇನ್ನೊಬ್ಬರ ಪ್ರಶ್ನೆ: ಊದು ಅಂದ್ರೆ ಊದಲ್ಲ ಅನ್ನಬಹುದಾ? ವಿಡಿಯೊ ಮಾಡಬಹುದಾ?

ವಕೀಲರ ಉತ್ತರ: ಊದಿಬಿಡಿ. ಕುಡಿದಿದ್ದಾರೆ ಅನ್ನೋದಕ್ಕೆ ಸಕಾರಣ ಅನುಮಾನ ಇದ್ದು ನೀವು ನಿರಾಕರಿಸಿದರೆ 203ನೇ ಕಲಂ ಅಡಿ ವಾರಂಟ್ ಇಲ್ಲದೇ ಬಂಧಿಸಬಹುದು. ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಕುಡಿದು ಓಡಿಸಿದ್ದಕ್ಕೆ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ವಿಡಿಯೊ ಮಾಡಿ, ದೂರ ನಿಂತು, ಬಾಯಿ ಮುಚ್ಕೊಂಡು. ಮುಖಕ್ಕೆ ಮೊಬೈಲ್ ಹಿಡಿದು ತಳ್ಳಾಟಕ್ಕೆ ಹೋದರೆ ಕರ್ತವ್ಯಕ್ಕೆ ಅಡ್ಡಿ ಅಂತ ಭಾರತೀಯ ನ್ಯಾಯ ಸಂಹಿತೆಯ 221, 132 ಹಾಕ್ತಾರೆ. ಐನೂರರ ಜಗಳಕ್ಕೆ ಜಾಮೀನು ಹುಡುಕಿಕೊಂಡು ಬಂದವರನ್ನ ನಾನು ಕೋರ್ಟ್ ಕಾರಿಡಾರ್‌ನಲ್ಲಿ ಸಾಕಷ್ಟು ನೋಡಿದ್ದೀನಿ.

ಮೊದಲು ಕೇಳಿದವರು: ಮೇಡಂ, ಹಾಗಾದ್ರೆ ನನ್ನ ಐನೂರು?

ವಕೀಲರ ಉತ್ತರ: ರಸೀದಿ ಇಲ್ಲದ ದುಡ್ಡು ದಂಡ ಅಲ್ಲ, ಲಂಚ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಬಂದ ಮೇಲೆ ಕೊಟ್ಟವರೂ ತಪ್ಪಿತಸ್ಥರೇ. ಬಲವಂತಕ್ಕೆ ಕೊಟ್ಟಿದ್ದರೆ ವಿನಾಯಿತಿ ಇದೆ, ಆದರೆ ಏಳು ದಿನದೊಳಗೆ ದೂರು ಕೊಟ್ಟಿರಬೇಕು. ಲೋಕಾಯುಕ್ತ ಪೊಲೀಸರಿಗೆ ಬರೆದು ಕೊಡಿ: ಜಾಗ, ಹೊತ್ತು, ಎದೆಯ ಮೇಲಿನ ಹೆಸರುಪಟ್ಟಿ ನೆನಪಿದ್ದರೆ ಅದು, ಹೆಂಡತಿ ಸಾಕ್ಷಿ. ನೀವು ಕೊಟ್ಟಿದ್ದು ಶನಿವಾರ, ಇವತ್ತು ಬುಧವಾರ. ಹಾಗೇ ದಾರಿಯಲ್ಲಿ ಎಮಿಷನ್ ಮಾಡಿಸ್ಕೊಂಡೇ ಹೋಗಿ.