799ಕ್ಕೆ ವಿಂಡೋಸ್ 11 ಕೀ, 299ಕ್ಕೆ ಸ್ಟೀಮ್ ಅಕೌಂಟ್: ತೆಗೆದುಕೊಳ್ಳಬಹುದಾ?

ಗಂಗಾವತಿ_ಗೇಮರ್:

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ಹುಡುಗ, ಡಿಪ್ಲೊಮಾ ಓದುತ್ತಿದ್ದೇನೆ. ಮನೆಯಲ್ಲಿ ಇರುವುದು ಒಂದೇ ಪಿಸಿ. ಐ5 ಏಳನೇ ಜನರೇಶನ್ ಪ್ರೊಸೆಸರ್, 8 ಜಿಬಿ ರ್‍ಯಾಮ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, ಹಳೇ 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಹಗಲು ಅಕ್ಕ ಅದರಲ್ಲಿ ಟೈಪಿಂಗ್ ಮಾಡುತ್ತಾಳೆ. ಅರ್ಜಿ, ಬಾಡಿಗೆ ಕರಾರು, ಮದುವೆ ಕಾರ್ಡಿನ ಮ್ಯಾಟರ್, ಎಲ್ಲಾ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲೇ. ರಾತ್ರಿ ಊಟ ಆದಮೇಲೆ ನನ್ನ ಪಾಳಿ.

ಈಗ ವಿಂಡೋಸ್ 10 ಸಪೋರ್ಟ್ ಮುಗಿದಿದೆ ಅಂತ ಪದೇ ಪದೇ ತೋರಿಸುತ್ತಿದೆ. ಒಂದು ಟೆಲಿಗ್ರಾಮ್ ಚಾನೆಲ್‌ನಲ್ಲಿ ಈ ಆಫರ್ ಬಂದಿದೆ: ವಿಂಡೋಸ್ 11 ಪ್ರೊ ಜೊತೆ ಆಫೀಸ್ ಕೀ (ಸಾಫ್ಟ್‌ವೇರ್ ಚಾಲೂ ಮಾಡುವ ಕೋಡ್), ಎರಡೂ ಲೈಫ್‌ಟೈಮ್, 799 ರೂಪಾಯಿ. ಅದೇ ಚಾನೆಲ್‌ನಲ್ಲಿ ನಲವತ್ತು ಗೇಮ್ ಇರುವ ಸ್ಟೀಮ್ (ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಅಕೌಂಟ್ 299ಕ್ಕೆ, ಜಿಟಿಎ 6 ಗೇಮಿನ ಪಿಸಿ ಕೀ ಮುಂಗಡ ಬುಕಿಂಗ್ 999ಕ್ಕೆ ಅಂತಲೂ ಹಾಕಿದ್ದಾರೆ. ನನ್ನ ಹತ್ತಿರ ಹೆಚ್ಚೆಂದರೆ ಮೂರು ಸಾವಿರ ಇದೆ. ಇದರಲ್ಲಿ ಯಾವುದು ತಗೊಂಡರೆ ಒಳ್ಳೆಯದು? ಗೊತ್ತಿದ್ದವರು ಹೇಳಿ.

ರಾಯಚೂರು_ಬಿಸಿಲು:

ತಮ್ಮಾ, ಯಾವುದನ್ನೂ ತಗೋಬೇಡ.

ಜಿಟಿಎ 6 ಮೊದಲು ಮುಗಿಸಿಬಿಡೋಣ. ರಾಕ್‌ಸ್ಟಾರ್ ಹೇಳಿರುವ ತಾರೀಖು 2026ರ ನವೆಂಬರ್ 19, ಅದೂ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ. ಪಿಸಿಗೆ ಅಂತ ಅವರು ಹೇಳಿಯೇ ಇಲ್ಲ. ಇಲ್ಲದ ಗೇಮಿಗೆ ಕೀ ಎಲ್ಲಿಂದ ಬಂತು? ಈ ಒಂದು ಪೋಸ್ಟ್ ನೋಡಿದರೆ ಸಾಕು, ಆ ಚಾನೆಲ್ ಎಂಥದ್ದು ಅಂತ ಗೊತ್ತಾಗುತ್ತದೆ.

ಇನ್ನು ವಿಂಡೋಸ್. ನಿನಗೆ ಅಡ್ಡ ಬಂದಿರುವುದು ಪ್ರೊಸೆಸರ್, ಅದಕ್ಕೆ ಕೀ ಏನು ಮಾಡುತ್ತದೆ? ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್‌ನಿಂದ ಮೇಲೆ ಬೇಕು, ಜೊತೆಗೆ ಟಿಪಿಎಂ 2.0 (ಸೆಕ್ಯೂರಿಟಿ ಚಿಪ್) ಮತ್ತು ಸೆಕ್ಯೂರ್ ಬೂಟ್ (ಪಿಸಿ ಆನ್ ಆಗುವಾಗಿನ ಸುರಕ್ಷತಾ ಚೆಕಿಂಗ್). ಈ ಎಲ್ಲಾ ಇದ್ದ ಪಿಸಿಯಲ್ಲಿ ಅಸಲಿ ವಿಂಡೋಸ್ 10 ಇದ್ದರೆ 11 ಪುಕ್ಕಟೆಯಾಗಿಯೇ ಸಿಗುತ್ತದೆ, ಇಲ್ಲದಿದ್ದರೆ 799 ಕೊಟ್ಟರೂ ಮೈಕ್ರೋಸಾಫ್ಟ್ ಲೆಕ್ಕದಲ್ಲಿ ನಿನ್ನ ಪಿಸಿ 11ಕ್ಕೆ ಹೊಂದುವ ಪಿಸಿಗಳ ಪಟ್ಟಿಯಲ್ಲಿ ಸೇರುವುದಿಲ್ಲ. ರೂಫಸ್ ಅನ್ನೋ ಟೂಲ್ ಬಳಸಿ ಚೆಕಿಂಗ್ ದಾಟಿಸಿ ಹಾಕುವವರು ಇದ್ದಾರೆ, ಓಡುತ್ತದೆ ಕೂಡ. ಆದರೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ನೀನು ವ್ಯಾಲರಂಟ್ ಗೇಮ್ ಆಡುವವನಾದರೆ ಇನ್ನೊಂದು ತಲೆನೋವು: 11ರಲ್ಲಿ ಅದರ ವ್ಯಾನ್‌ಗಾರ್ಡ್ (ಮೋಸದಾಟ ಹಿಡಿಯುವ ಸಾಫ್ಟ್‌ವೇರ್) ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಆನ್ ಇರಲೇಬೇಕು ಅನ್ನುತ್ತದೆ.

ಸದ್ಯಕ್ಕೆ ದುಡ್ಡಿಲ್ಲದ ದಾರಿ ಇದು. ವಿಂಡೋಸ್ 10 ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು ನಿಜ. ಆದರೆ ಮನೆ ಬಳಕೆಯವರಿಗೆ ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ 13ರ ತನಕ ಕೊಡುವ ಸ್ಕೀಮ್ ಇದೆ, ಇಎಸ್‌ಯು ಅಂತ. ಪಿಸಿಯಲ್ಲಿ 22ಎಚ್2 ವರ್ಷನ್ ಇರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟ ತೆಗೆದರೆ ಎನ್‌ರೋಲ್ ಅನ್ನೋ ಲಿಂಕ್ ಕಾಣುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ವಿಂಡೋಸ್ ಬ್ಯಾಕಪ್‌ನಲ್ಲಿ ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿದರೆ ಒಂದು ರೂಪಾಯಿ ಇಲ್ಲ. ಸಿಂಕ್ ಬೇಡ ಅಂದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್. ಸುಮ್ನೆ ಸಿಂಕ್ ಆನ್ ಮಾಡು.

ಅಪ್‌ಡೇಟ್ ಹಾಕುವಾಗ ಯುಪಿಎಸ್ ಇರಲಿ. ಶಕ್ತಿನಗರದಲ್ಲಿ ಅಷ್ಟು ದೊಡ್ಡ ಥರ್ಮಲ್ ಸ್ಟೇಷನ್ ಇಟ್ಟುಕೊಂಡು ನಮ್ಮ ಜಿಲ್ಲೆಯಲ್ಲೇ ಕರೆಂಟ್ ಹೋಗುತ್ತದೆ ಅಂದರೆ, ನಿಮ್ಮ ಕಡೆ ಕೇಳುವುದೇ ಬೇಡ.

ಬಳ್ಳಾರಿ_ಜೀನ್ಸ್:

ಅಣ್ಣ, ಹುಡುಗನಿಗೆ ಸುಮ್ನೆ ಹೆದರಿಸಬೇಡಿ. ನಮ್ಮ ಯೂನಿಟ್‌ನಲ್ಲಿ ಲೇಬಲ್ ಡಿಸೈನ್ ಮಾಡುವ ಪಿಸಿಗೆ ಇಂಥದ್ದೇ ಕಡಿಮೆ ರೇಟಿನ ಕೀ ಹಾಕಿದ್ದೇವೆ, ವರ್ಷಗಳಿಂದ ಏನೂ ಆಗಿಲ್ಲ. ಅಂಗಡಿಯಲ್ಲಿ ಅಸಲಿ ಬಾಕ್ಸ್ ರೇಟ್ ಕೇಳಿದರೆ ಆ ದುಡ್ಡಿಗೆ ಇನ್ನೊಂದು ಹೊಲಿಗೆ ಮಷಿನ್ ಬರುತ್ತದೆ. ಎಲ್ಲರೂ ಅಸಲಿಯೇ ತಗೊಳ್ಳಬೇಕು ಅಂದರೆ ಬಳ್ಳಾರಿಯಲ್ಲಿ ಅರ್ಧ ಪಿಸಿ ಬಂದ್ ಆಗಬೇಕಾಗುತ್ತದೆ.

ರಾಯಚೂರು_ಬಿಸಿಲು:

ಒಂದು ಕೆಲಸ ಮಾಡಿ ಅಣ್ಣ. ಆ ಪಿಸಿಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆಕ್ಟಿವೇಶನ್ ಪುಟ ತೆಗೆಯಿರಿ. ಡಿಜಿಟಲ್ ಲೈಸೆನ್ಸ್‌ನಿಂದ ಆಕ್ಟಿವೇಟ್ ಆಗಿದೆ ಅಂತ ಇದ್ದರೆ ಒಂದು ಮಾತು. ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸರ್ವಿಸ್‌ನಿಂದ ಆಗಿದೆ ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು ಕೀ ಅಲ್ಲವೇ ಅಲ್ಲ, ಯಾರೋ ಕೆಎಂಎಸ್ ಟೂಲ್ ಓಡಿಸಿ ಹೋಗಿದ್ದಾರೆ. ದೊಡ್ಡ ಕಂಪನಿಗಳು ನೂರಾರು ಪಿಸಿಗೆ ಅಂತ ತಗೊಳ್ಳುವ ವ್ಯವಸ್ಥೆ ಅದು, ನಿಮ್ಮ ಯೂನಿಟ್‌ಗೆ ಅಂಥ ಸರ್ವರ್ ಎಲ್ಲಿದೆ?

ಕಡಿಮೆ ರೇಟಿನ ಕೀಗಳಲ್ಲೂ ಇದೇ ಕಥೆ. ಹೆಚ್ಚಿನವು ಒಂದೇ ಕೀ ಹಲವು ಪಿಸಿಗೆ ನಡೆಯುವ, ಕಂಪನಿಗಳ ವಾಲ್ಯೂಮ್ ಕೀ, ಇಲ್ಲಾ ಹಳೇ ಪಿಸಿಯ ಜೊತೆ ಬಂದ ಒಇಎಂ ಕೀ. ಒಇಎಂ ಅಂದರೆ ಅದೇ ಮದರ್‌ಬೋರ್ಡ್‌ಗೆ ಕಟ್ಟಿ ಹಾಕಿದ್ದು. ಒಂದೇ ವಾಲ್ಯೂಮ್ ಕೀಯನ್ನು ಊರೆಲ್ಲಾ ಮಾರಿದಾಗ ಮೈಕ್ರೋಸಾಫ್ಟ್ ಅದನ್ನು ಬ್ಲಾಕ್ ಮಾಡುತ್ತದೆ, ಆಗ ಮಾರಿದವನನ್ನು ಹುಡುಕಿದರೆ ಚಾನೆಲ್ ಹೆಸರೇ ಬದಲಾಗಿರುತ್ತದೆ. ನಿಮ್ಮದು ಇವತ್ತು ಓಡುತ್ತಿದೆ, ಒಪ್ಪಿದೆ. ಆದರೆ ನಿಮಗೆ ಒಂದು ಪಿಸಿ ಹೋದರೆ ಇನ್ನೊಂದಿದೆ. ಇವನ ಮನೆಯಲ್ಲಿ ಅಕ್ಕನ ದುಡಿಮೆ ಆ ಒಂದು ಪಿಸಿ ಮೇಲೆ ನಿಂತಿದೆ.

ಬಳ್ಳಾರಿ_ಜೀನ್ಸ್:

ನೋಡಿದೆ. ಸಂಸ್ಥೆ ಅಂತಲೇ ಇದೆ. ಹಾಕಿಕೊಟ್ಟವನನ್ನು ಕೇಳುತ್ತೇನೆ. ಆದರೂ ರೇಟ್ ವಿಷಯದಲ್ಲಿ ನನ್ನ ಮಾತು ಮಾತೇ, ನಮ್ಮಂಥ ಸಣ್ಣ ಯೂನಿಟ್‌ಗೆ ಈ ಬೆಲೆ ಜಾಸ್ತಿ.

ಸಿಂಧನೂರು_ಸೇಲ್:

ಗೇಮ್ ವಿಷಯಕ್ಕೆ ಯಾರೂ ಬರಲಿಲ್ಲ, ಅದಕ್ಕೇ ನಾನು ಬಂದೆ.

299ರ ಅಕೌಂಟ್ ಅಂದರೆ ಏನು ಗೊತ್ತಾ? ಒಂದೇ ಅಕೌಂಟ್‌ನ ಯೂಸರ್‌ನೇಮ್, ಪಾಸ್‌ವರ್ಡ್ ನೂರು ಜನಕ್ಕೆ ಕೊಡುತ್ತಾರೆ. ಲಾಗಿನ್ ಆಗಿ, ಡೌನ್‌ಲೋಡ್ ಮಾಡಿ, ಆಮೇಲೆ ಸ್ಟೀಮ್ ಅನ್ನು ಆಫ್‌ಲೈನ್ ಮೋಡ್‌ನಲ್ಲೇ ಇಡು ಅನ್ನುತ್ತಾರೆ. ಆನ್‌ಲೈನ್ ಆದರೆ ಇನ್ನೊಬ್ಬ ಒಳಗಿರುತ್ತಾನೆ. ಅಕೌಂಟ್ ಮಾರುವುದು ಸ್ಟೀಮ್ ನಿಯಮಕ್ಕೇ ವಿರುದ್ಧ. ಮೂಲ ಮಾಲೀಕ ಸಪೋರ್ಟ್‌ಗೆ ಬರೆದು ವಾಪಸ್ ಪಡೆದರೆ ನಿನ್ನ 299 ತುಂಗಭದ್ರಾಕ್ಕೆ ಹೋಯಿತು ಅಂದುಕೋ. ಅದಕ್ಕಿಂತ ಕೆಟ್ಟದ್ದು, ಕೆಲವರು ಒಂದು ಲಾಂಚರ್ ಕೊಟ್ಟು ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡು ಅನ್ನುತ್ತಾರೆ. ಆಫ್ ಮಾಡು ಅಂದವನು ಯಾರೇ ಆಗಲಿ, ಅಲ್ಲೇ ನಿಲ್ಲಿಸು. ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್, ಕುಕೀ ಎಲ್ಲಾ ಎತ್ತಿಕೊಂಡು ಹೋಗುವ ಮಾಲ್‌ವೇರ್ ಬರುವುದೇ ಹೀಗೆ, ನಿಮ್ಮ ಪಿಸಿಯಲ್ಲಿ ಅಕ್ಕನ ಗಿರಾಕಿಗಳ ಆಧಾರ್ ಸ್ಕ್ಯಾನ್ ಬೇರೆ ಬಿದ್ದಿರುತ್ತವೆ ಅಲ್ವಾ? ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ಕ್ರೈಮ್ ಸಹಾಯವಾಣಿ.

ಪುಕ್ಕಟೆ ಗೇಮ್ ಬೇಕಾ, ಎಪಿಕ್ ಗೇಮ್ಸ್ ಸ್ಟೋರ್‌ನಲ್ಲಿ ಪ್ರತಿ ಗುರುವಾರ ಹೊಸ ಉಚಿತ ಗೇಮ್ ಬರುತ್ತದೆ. ನಮ್ಮ ಟೈಮ್‌ಗೆ ರಾತ್ರಿ 8:30, ಅಮೆರಿಕದಲ್ಲಿ ಚಳಿಗಾಲದ ಗಡಿಯಾರ ಇದ್ದಾಗ 9:30. 2020ರ ಮೇ ತಿಂಗಳಲ್ಲಿ ಜಿಟಿಎ 5 ಕೂಡ ಹೀಗೇ ಕೊಟ್ಟಿದ್ದರು. ಪಿಸಿ ಆನ್ ಮಾಡುವುದೂ ಬೇಡ, ಮೊಬೈಲ್ ಬ್ರೌಸರ್‌ನಲ್ಲಿ ಲಾಗಿನ್ ಆಗಿ ಗೆಟ್ ಒತ್ತಿದರೆ ಅಕೌಂಟ್‌ಗೆ ಸೇರಿತು, ಡೌನ್‌ಲೋಡ್ ಯಾವಾಗ ಬೇಕಾದರೂ ಮಾಡಿಕೋ. ಡಿಸೆಂಬರ್ ಕೊನೆಯಲ್ಲಿ ದಿನಕ್ಕೊಂದು ಕೊಡುವುದೂ ಉಂಟು.

ಸ್ಟೀಮ್‌ನಲ್ಲಿ ದೊಡ್ಡ ಸೇಲ್ ಬರುವುದು ಮಾರ್ಚ್‌ನಲ್ಲಿ, ಜೂನ್ ಕೊನೆಗೆ, ಡಿಸೆಂಬರ್‌ನಲ್ಲಿ, ಮಧ್ಯೆ ಒಂದು ಆಟಮ್ ಸೇಲ್. ಬೇಕಾದದ್ದನ್ನು ವಿಶ್‌ಲಿಸ್ಟ್‌ಗೆ ಹಾಕು, ರೇಟ್ ಇಳಿದಾಗ ಮೇಲ್ ಬರುತ್ತದೆ. ಮೊದಲ ದಿನವೇ ಓಡಿಹೋಗಿ ತಗೊಳ್ಳುವ ಅವಸರ ಬೇಡ. ಕೆಲವೇ ಗಂಟೆ ಇರುವ ಫ್ಲ್ಯಾಶ್ ಡೀಲ್ ಕೊಡುವ ಪದ್ಧತಿ 2015ರಲ್ಲೇ ನಿಂತಿತು, ಈಗ ಸೇಲ್ ಮುಗಿಯುವವರೆಗೆ ಅದೇ ರೇಟ್. ಹಳೇ ರೇಟ್ ನೋಡಲು ಸ್ಟೀಮ್‌ಡಿಬಿ, ಇಸ್‌ದೇರ್‌ಎನಿಡೀಲ್ ಇವೆ. 75 ಪರ್ಸೆಂಟ್ ಆಫ್ ಅಂತ ಹಸಿರು ಬಣ್ಣದಲ್ಲಿ ಬರೆದದ್ದು ಕಳೆದ ಸೇಲ್‌ನಲ್ಲಿ 90 ಇತ್ತಾ ಅಂತ ಅಲ್ಲೇ ತಿಳಿಯುತ್ತದೆ. ತಗೊಂಡ ಗೇಮ್ ನಿನ್ನ ಪಿಸಿಯಲ್ಲಿ ಓಡದಿದ್ದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್. 1050 ಟಿಐ ಇರುವವನಿಗೆ ಇದು ದೊಡ್ಡ ಅನುಕೂಲ, ಮೊದಲ ಅರ್ಧ ಗಂಟೆಯಲ್ಲೇ ಸೆಕೆಂಡಿಗೆ ಫ್ರೇಮ್ ಎಷ್ಟು ಬರುತ್ತದೆ ನೋಡಿಬಿಡು.

ಆ ಕಾರ್ಡ್ ಬಗ್ಗೆ ಇನ್ನೊಂದು ಸುದ್ದಿ. ಎನ್‌ವಿಡಿಯಾ 900 ಮತ್ತು 10 ಸೀರೀಸ್‌ಗೆ ಗೇಮ್ ರೆಡಿ ಡ್ರೈವರ್ (ಹೊಸ ಗೇಮ್‌ಗಳಿಗೆ ಕಾರ್ಡನ್ನು ಹೊಂದಿಸುವ ಸಾಫ್ಟ್‌ವೇರ್) ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್ ತನಕ. ಅದಕ್ಕೇ ಹೊಸ ಹೊಸ ಗೇಮಿಗೆ ದುಡ್ಡು ಸುರಿಯಬೇಡ. ಐದಾರು ವರ್ಷ ಹಿಂದಿನ ಗೇಮ್‌ಗಳು ಸೇಲ್‌ನಲ್ಲಿ ಅಗ್ಗವೂ ಸಿಗುತ್ತವೆ, ನಿನ್ನ ಕಾರ್ಡ್‌ನಲ್ಲಿ ಚೆನ್ನಾಗಿಯೂ ಓಡುತ್ತವೆ.

ಕೊಪ್ಪಳ_ಡಿಟಿಪಿ:

ನಾನು ಕೊಪ್ಪಳದಲ್ಲಿ ಡಿಟಿಪಿ ಅಂಗಡಿ ನಡೆಸುತ್ತೇನೆ. ನಿಮ್ಮ ಅಕ್ಕನ ಕೆಲಸದ ಬಗ್ಗೆ ಒಂದೆರಡು ಮಾತು, ಇವರೆಲ್ಲಾ ಗೇಮಿನಲ್ಲೇ ಮುಳುಗಿಹೋದರು.

ಆಫೀಸ್ ಕೀ ಯಾಕೆ ಬೇಕು? ನುಡಿ ಮೊದಲಿನಿಂದಲೂ ಉಚಿತ. ಅರ್ಜಿ, ಕರಾರು ಪತ್ರಕ್ಕೆ ಲಿಬ್ರೆಆಫೀಸ್ ಸಾಕು, ಅದೂ ಉಚಿತ. ವರ್ಡ್ ಫೈಲ್ ತೆರೆಯುತ್ತದೆ, ಪಿಡಿಎಫ್ ಮಾಡುತ್ತದೆ. ಒಂದು ಎಚ್ಚರ ಮಾತ್ರ. ಹಳೇ ನುಡಿ ಫಾಂಟ್‌ನಲ್ಲಿ ಹೊಡೆದ ಫೈಲ್ ಇದ್ದರೆ ಆ ಫಾಂಟ್ ಪಿಸಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಹೊಸ ಕೆಲಸವನ್ನೆಲ್ಲಾ ಯಾವ ಫೋನ್, ಪಿಸಿಯಲ್ಲೂ ಕನ್ನಡ ಕಾಣುವ ಯೂನಿಕೋಡ್‌ನಲ್ಲೇ ಮಾಡಲು ಹೇಳಿ. ಕೀಲಿಮಣೆ ಅದೇ ಇರುತ್ತದೆ, ಬೆರಳಿಗೆ ಹೊಸದಾಗಿ ಕಲಿಸುವುದೇನಿಲ್ಲ, ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಹೆಸರು ವಿಳಾಸ ನೇರ ಕಾಪಿ ಮಾಡಿ ಹಾಕಬಹುದು.

ಮದುವೆ ಕಾರ್ಡಿನ ಡಿಸೈನ್‌ಗೂ ಇಳಿದರೆ ಇಂಕ್‌ಸ್ಕೇಪ್ ಇದೆ, ಉಚಿತ, ಕನ್ನಡ ಒತ್ತಕ್ಷರ ಸರಿಯಾಗಿ ಕೂರುತ್ತವೆ. ಅಫಿನಿಟಿ ಕೂಡ 2025ರ ಅಕ್ಟೋಬರ್ ಕೊನೆಯಿಂದ ಉಚಿತ, ಕ್ಯಾನ್ವಾ ಅದನ್ನು 2024ರಲ್ಲಿ ಕೊಂಡಿತ್ತು. ಆದರೆ ಅದರಲ್ಲಿ ಕೆಲಸ ಒಪ್ಪಿಕೊಳ್ಳುವ ಮುಂಚೆ “ಶ್ರೀ ಲಕ್ಷ್ಮೀ ವೆಂಕಟೇಶ್ವರ ಪ್ರಸನ್ನ” ಅಂತ ಒಂದು ಸಾಲು ಹೊಡೆದು ನೋಡಿ. ಕ್ಷ್ಮೀ, ಶ್ವ ಎರಡೂ ಒಡೆಯದೆ ಬಂದರೆ ಮಾತ್ರ ಮುಂದೆ ಹೋಗಿ. ಕಾರ್ಡ್ ಮೇಲೆ ದೇವರ ಹೆಸರೇ ತಪ್ಪಾದರೆ ಬೀಗರ ಮುಂದೆ ನಮ್ಮ ಮಾನ ಹೋಗುತ್ತದೆ.

ಮೂರು ಸಾವಿರ ಇದೆ ಅಂದಿರಲ್ಲಾ, ಅದನ್ನು ಎಸ್‌ಎಸ್‌ಡಿಗೆ ಹಾಕಿ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ ಇದ್ದರೆ ಬೆಳಿಗ್ಗೆ ಆನ್ ಮಾಡಿ ಚಹಾ ಕುಡಿದು ಬಂದರೂ ಇನ್ನೂ ಸುತ್ತುತ್ತಿರುತ್ತದೆ.

ರಾಯಚೂರು_ಬಿಸಿಲು:

ಕೊಪ್ಪಳದ ಅಕ್ಕ ಹೇಳಿದ್ದು ಸರಿ. ಆದರೆ ಸದ್ಯ ರೇಟ್ ಏರಿ ಕೂತಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಎಲ್ಲಾ ಬಾಚಿಕೊಳ್ಳುತ್ತಿವೆ, ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ ಕ್ರೂಶಿಯಲ್ ಬ್ರ್ಯಾಂಡ್‌ನ ಚಿಲ್ಲರೆ ವ್ಯಾಪಾರವನ್ನೇ ಬಿಡುತ್ತೇವೆ ಅಂದಿತು. ರ್‍ಯಾಮ್ ಬೆಲೆ ಕೇಳಿದರೆ ನಮ್ಮೂರಿನ ಮೇ ತಿಂಗಳಲ್ಲಿ ಬೆವರುವುದಕ್ಕಿಂತ ಜಾಸ್ತಿ ಬೆವರುತ್ತೀರಿ. ಬಿಲ್ ಮತ್ತು ವಾರಂಟಿ ಇರುವ ಸಣ್ಣ ಸಾಟಾ ಎಸ್‌ಎಸ್‌ಡಿ ಒಂದು ತಗೋ, ವಿಂಡೋಸ್ ಅದರಲ್ಲಿ, ಗೇಮ್ ಮತ್ತು ಫೈಲ್ ಹಳೇ ಡಿಸ್ಕ್‌ನಲ್ಲಿ. ಅಂಗಡಿಯವನು ವಿಂಡೋಸ್ ಜೊತೆಗೆ ಎಲ್ಲಾ ಸಾಫ್ಟ್‌ವೇರ್ ಫ್ರೀಯಾಗಿ ಹಾಕಿಕೊಡುತ್ತೇನೆ ಅಂದರೆ ಬೇಡ ಅನ್ನು, ನೀನೇ ಹಾಕಿಕೋ.

ಗಂಗಾವತಿ_ಗೇಮರ್:

ಎಲ್ಲರಿಗೂ ಥ್ಯಾಂಕ್ಸ್. ಇಎಸ್‌ಯು ಎನ್‌ರೋಲ್ ಆಯಿತು, ಅಕ್ಕನಿಗೆ ಲಿಬ್ರೆಆಫೀಸ್ ಹಾಕಿಕೊಟ್ಟೆ, ಮೆನು ಎಲ್ಲಾ ಬೇರೆ ಥರ ಇದೆ ಅಂತ ಬೈಯುತ್ತಿದ್ದಾಳೆ. ಎಪಿಕ್ ಅಕೌಂಟ್ ಕೂಡ ಮಾಡಿದೆ. ಆದರೆ ಡೌನ್‌ಲೋಡ್ ಹೇಗೆ? ನನ್ನ ಮೊಬೈಲ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿ. 60 ಜಿಬಿ ಗೇಮ್ ಇಳಿಸಲು ಒಂದು ಬೆಳೆ ಬಂದು ಹೋಗುತ್ತದೆ.

ಸಿಂಧನೂರು_ಸೇಲ್:

ಸ್ಟೀಮ್ ಗೇಮ್ ಆದರೆ ದಾರಿ ಇದೆ. ಒಂದೇ ವೈಫೈ ಅಥವಾ ಕೇಬಲ್‌ಗೆ ಎರಡು ಪಿಸಿ ಸೇರಿಸಿದರೆ ಒಂದರಲ್ಲಿ ಇರುವ ಗೇಮನ್ನು ಇನ್ನೊಂದು ನೇರ ಎಳೆದುಕೊಳ್ಳುತ್ತದೆ, 2023ರಿಂದ ಇದು ಸ್ಟೀಮ್ ಒಳಗೇ ಇದೆ. ಇಂಟರ್ನೆಟ್ ಡೇಟಾ ಖರ್ಚಾಗುವುದು ಲಾಗಿನ್‌ಗೆ, ಸಣ್ಣ ಪುಟ್ಟ ಅಪ್‌ಡೇಟ್‌ಗೆ ಅಷ್ಟೇ. ಗೇಮ್ ಮಾತ್ರ ನಿನ್ನ ಅಕೌಂಟ್‌ನಲ್ಲಿ ಇರಬೇಕು. ಜಿಒಜಿ ಸೈಟಿನಲ್ಲಿ ಕೊಂಡರೆ ಇನ್ನೂ ಸುಲಭ, ಆಫ್‌ಲೈನ್ ಇನ್‌ಸ್ಟಾಲರ್ ಕೊಡುತ್ತಾರೆ. ನೆಟ್ ಚೆನ್ನಾಗಿರುವ ಕಡೆ ಲಾಗಿನ್ ಆಗಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಬಾ, ಡಿಆರ್‌ಎಂ (ಕಾಪಿ ತಡೆಯುವ ಬೀಗ) ಕಾಟ ಇಲ್ಲ.

ನನ್ನ ಹತ್ತಿರ ಫೈಬರ್ ಇದೆ, ಲ್ಯಾಪ್‌ಟಾಪ್ ತುಂಬಾ ಗೇಮ್ ಇವೆ. ಭಾನುವಾರ ಭತ್ತದ ಬೀಜ ತರಲು ಅಪ್ಪನ ಜೊತೆ ಗಂಗಾವತಿಗೆ ಬರುತ್ತಿದ್ದೇನೆ. ನಿನ್ನ ಸ್ಟೀಮ್ ಲೈಬ್ರರಿಯಲ್ಲಿ ಏನಿದೆ ಅಂತ ಇಲ್ಲೇ ಹಾಕು, ನನ್ನಲ್ಲೂ ಇರುವುದನ್ನು ಅಪ್‌ಡೇಟ್ ಮಾಡಿಕೊಂಡು ತರುತ್ತೇನೆ. ನೆಟ್‌ವರ್ಕ್ ಕೇಬಲ್ ನೀನು ನೋಡಿಕೋ, ಒಗ್ಗರಣೆ ಮಿರ್ಚಿ ಖರ್ಚೂ ನಿನ್ನದೇ.

ಗಂಗಾವತಿ_ಗೇಮರ್:

ಆಯಿತು ಅಣ್ಣ, ಮಿರ್ಚಿ ಪಕ್ಕಾ. ಬಸ್ ಸ್ಟ್ಯಾಂಡ್ ಹತ್ತಿರ ಬಂದು ಇಲ್ಲಿ ಮೆಸೇಜ್ ಹಾಕಿ. ಆದರೆ ಅಕ್ಕನ ಪಾಳಿ ಮುಗಿಯುವುದು ಸಂಜೆ ಆರಕ್ಕೆ, ಅಲ್ಲಿಯವರೆಗೆ ಪಿಸಿ ಮುಟ್ಟುವ ಹಾಗಿಲ್ಲ.