ಹಳೇ ಬೈಕಿನ ಸೈಲೆನ್ಸರ್ ಶಬ್ದ ಇಳಿಸಬೇಕು, ಅನುಭವ ಇದ್ದವರು ಹೇಳಿ

ಪ್ರಶ್ನೆ

ನನ್ನದು 1960ರ ದಶಕದ 500 ಸಿಸಿ ಬೈಕ್. ಸಿಂಗಲ್ ಸಿಲಿಂಡರ್, ಫೋರ್ ಸ್ಟ್ರೋಕ್. ಹಿಂದಿನ ಮಾಲೀಕರು ಒರಿಜಿನಲ್ ಸೈಲೆನ್ಸರ್ ತೆಗೆದು ನೇರ ಕೊಳವೆಯಂಥದ್ದನ್ನು ಹಾಕಿಸಿದ್ದಾರೆ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಬೀದಿಯೇ ಎದ್ದು ಕೂರುತ್ತದೆ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಪಟಪಟ ಅಂತ ಸಿಡಿಯುತ್ತದೆ. ಶಬ್ದ ಇಳಿಯಬೇಕು, ಆದರೆ ಆ ಗಂಭೀರ ದನಿ ಹೋಗಬಾರದು. ಸೈಲೆನ್ಸರಿಗೆ ಗ್ಲಾಸ್ ವೂಲ್ (ಗಾಜಿನ ಎಳೆಗಳ ಉಣ್ಣೆಯಂಥದ್ದು) ತುಂಬಿದರೆ ಸಾಕಾ? ಕಾರ್ಬುರೇಟರ್ ಕೂಡ ಮುಟ್ಟಬೇಕಾ?

ಉತ್ತರ 1

ಸೈಲೆನ್ಸರಿಗೆ ಕೈ ಹಾಕುವ ಮುಂಚೆ ಎಂಜಿನ್ ನೋಡಿ ಸರ್. ನಾನು ಇದನ್ನೇ ಉಲ್ಟಾ ಮಾಡಿದೆ. ಮೂರು ಸಲ ವೂಲ್ ತುಂಬಿದರೂ ಶಬ್ದ ಇಳಿಯಲಿಲ್ಲ. ಕೊನೆಗೆ ನೋಡಿದರೆ ಪಾಯಿಂಟ್ಸ್ (ತೆರೆದಾಗ ಪ್ಲಗ್ಗಿಗೆ ಕಿಡಿ ಕೊಡುವ ಸ್ವಿಚ್) ಸವೆದು ಗ್ಯಾಪ್ ಕಡಿಮೆಯಾಗಿತ್ತು, ಅದರಿಂದ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬಿದ್ದಿತ್ತು. ಕಿಡಿ ತಡವಾದರೆ ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಒಳಗೆ ಒತ್ತಡ ಜಾಸ್ತಿ ಉಳಿದಿರುತ್ತದೆ. ಅದೆಲ್ಲ ಹಾಗೇ ಪೈಪಿಗೆ ನುಗ್ಗುತ್ತದೆ. ಶಬ್ದವೂ ಜಾಸ್ತಿ, ಬಿಸಿಯೂ ಜಾಸ್ತಿ. ಬೆಂಡ್ ಪೈಪಿನ (ಎಂಜಿನ್ನಿಂದ ಸೈಲೆನ್ಸರಿಗೆ ಬರುವ ಬಾಗಿದ ಪೈಪ್) ಕ್ರೋಮ್ ನೀಲಿಯಾಗಿದ್ದರೆ ಅನುಮಾನ ಪಡಿ. ನಿಮ್ಮ ಹ್ಯಾಂಡಲ್ ಮೇಲೆ ಅಡ್ವಾನ್ಸ್ ಲಿವರ್ (ಕಿಡಿಯ ಹೊತ್ತು ಹಿಂದೆ ಮುಂದೆ ಮಾಡುವುದು) ಇದ್ದರೆ, ಎಂಜಿನ್ ಓಡುತ್ತಿರುವಾಗ ಸ್ವಲ್ಪ ಹೊತ್ತು ರಿಟಾರ್ಡ್, ಅಂದರೆ ತಡವಾಗುವ ಕಡೆಗೆ ಎಳೆದು ನೋಡಿ. ದನಿ ಹೇಗೆ ಒಡೆಯುತ್ತದೆ ಅಂತ ಕಿವಿಗೇ ಗೊತ್ತಾಗುತ್ತದೆ. ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗ) ಗ್ಯಾಪ್ ಕೂಡ ನೋಡಿಬಿಡಿ. ಅದು ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ಆಮೇಲೆ ಲೀಕ್. ನೀವು ಹೇಳಿದ ಪಟಪಟ ಬಹಳ ಸಲ ಇದರಿಂದಲೇ ಬರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಪೂರ್ತಿ ಉರಿಯದ ಪೆಟ್ರೋಲ್ ಪೈಪಿಗೆ ಬರುತ್ತದೆ. ಹೆಡ್ಡಿನ ಹತ್ತಿರದ ಸಂದಿಯಿಂದ ಹೊರಗಿನ ಗಾಳಿ ಒಳಗೆ ಸೇರಿದರೆ ಅದು ಬಿಸಿ ಪೈಪಿನಲ್ಲೇ ಹೊತ್ತಿಕೊಳ್ಳುತ್ತದೆ. ಜಾಯಿಂಟ್ ಸುತ್ತ ಕಪ್ಪು ಮಸಿ ಇದೆಯಾ ನೋಡಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಬಯಲಲ್ಲಿ ಮಾಡಿ, ಶೆಡ್ ಒಳಗೆ ಬೇಡ. ಎಲ್ಲೋ ಬುಸ್ ಅಂತ ಶಬ್ದ ಬಂದರೆ ಅಲ್ಲೇ ಲೀಕ್. ಹೆಡ್ಡಿನ ಜಾಯಿಂಟಿನ ಹಳೇ ತಾಮ್ರದ ರಿಂಗ್ ಗಟ್ಟಿಯಾಗಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮತ್ತೆ ಮೆತ್ತಗಾಗುತ್ತದೆ. ಕೂರಿಸಿ, ಒಂದು ಸುತ್ತು ಓಡಿಸಿ, ತಣ್ಣಗಾದ ಮೇಲೆ ಇನ್ನೊಮ್ಮೆ ಟೈಟ್ ಮಾಡಿ. ಈ ಎರಡನೇ ಟೈಟ್ ಮರೆತರೆ ವಾರದಲ್ಲಿ ಮತ್ತೆ ಲೀಕ್ ಶುರು.

ಈಗ ವೂಲ್. ನಿಮಗೆ ಇದು ಸರಿಯಾಗಿ ಹೊಂದುತ್ತದೆ ಅನ್ನಿಸುತ್ತದೆ. ಗ್ಲಾಸ್ ವೂಲ್ ಮುಖ್ಯವಾಗಿ ಕರ್ಕಶ ಶಬ್ದವನ್ನು ಹೀರುತ್ತದೆ, ಕೆಳಗಿನ ಗುಡುಗುಡು ಬಹುಪಾಲು ಉಳಿಯುತ್ತದೆ. ತೂತಿನ ಒಳಪೈಪಿಗೆ ಮೊದಲು ಸ್ಟೇನ್‌ಲೆಸ್ ಸ್ಟೀಲ್ ವೂಲ್ ಒಂದು ಪದರ ಸುತ್ತಿ, ಅದರ ಮೇಲೆ ಗ್ಲಾಸ್ ವೂಲ್. ಸ್ಟೀಲ್ ಪದರ ಇಲ್ಲದಿದ್ದರೆ ಗ್ಲಾಸ್ ವೂಲ್ ಬೇಗ ಸುಟ್ಟು, ಪುಡಿಯಾಗಿ ಹಾರಿಹೋಗುತ್ತದೆ. ತುಂಬಾ ಬಿಗಿಯಾಗಿ ತುರುಕಬೇಡಿ. ಎಳೆಗಳ ನಡುವೆ ಜಾಗ ಇದ್ದರೇ ಶಬ್ದ ಒಳಗೆ ಹೋಗಿ ಸಾಯುವುದು. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ಒಳಪೈಪಿನ ಸ್ಕ್ರೂ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಆತುರಪಟ್ಟು ಸ್ಕ್ರೂವಿನ ತಲೆ ಮುರಿಯಬೇಡಿ.

ಇಷ್ಟಾದರೂ ಸಾಲದಿದ್ದರೆ ಹಿಂಬದಿಗೆ ತೂತಿನ ತಟ್ಟೆಯಂಥ ಬ್ಯಾಫಲ್ ಸೇರಿಸಬಹುದು. ವೆಲ್ಡ್ ಮಾಡಿಸಬೇಡಿ, ಬೋಲ್ಟಿನಲ್ಲಿ ಕೂರಿಸಿ. ದಾರಿ ಕಿರಿದಾದರೆ ಎಂಜಿನ್ ಉಸಿರು ಕಟ್ಟುತ್ತದೆ, ಬೇಡ ಅನಿಸಿದರೆ ತೆಗೆಯುವಂತಿರಬೇಕು.

ಕಾರ್ಬುರೇಟರ್ ಕೊನೆಗೆ. ನೇರ ಪೈಪ್ ಹಾಕಿದಾಗ ಯಾರಾದರೂ ದೊಡ್ಡ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಮುಖ್ಯ ತೂತಿನ ಸ್ಕ್ರೂ) ಹಾಕಿರುವ ಸಾಧ್ಯತೆ ಇದೆ. ಈಗ ಪೈಪಿನ ದಾರಿ ಕಿರಿದಾದರೆ ಒಳಗೆ ಬರುವ ಗಾಳಿ ಕಡಿಮೆ, ಮಿಶ್ರಣ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ. ಆಕ್ಸಿಲರೇಟರ್ ಕಾಲು ಭಾಗ ತೆರೆಯುವವರೆಗೆ ಪೈಲಟ್ (ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ ಸಣ್ಣ ದಾರಿ) ಮತ್ತು ಸ್ಲೈಡ್ (ಗಾಳಿಯ ದಾರಿ ತೆರೆಯುವ ಬಾಗಿಲು), ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ನೀಡಲ್ (ಸ್ಲೈಡಿಗೆ ಸೇರಿದ ಸೂಜಿ), ಅದಕ್ಕಿಂತ ಮೇಲೆ ಮೇನ್ ಜೆಟ್, ಸುಮಾರಾಗಿ ಹೀಗೆ ನೋಡಿ. ನೀಡಲ್ ಕ್ಲಿಪ್ ಒಂದು ಗೀರು ಮೇಲೆ ಹಾಕಿದರೆ ನೀಡಲ್ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಓಡಿಸಿ, ಪ್ಲಗ್ ಬಿಚ್ಚಿ ನೋಡಿ. ಬಿಸ್ಕತ್ ಬಣ್ಣ ಇದ್ದರೆ ಸರಿ, ಒಣ ಮಸಿ ಇದ್ದರೆ ರಿಚ್. ಬೆಳ್ಳಗಿದ್ದರೆ ಅಲ್ಲೇ ನಿಲ್ಲಿಸಿ, ಲೀನ್ (ಪೆಟ್ರೋಲ್ ಕಡಿಮೆ ಇರುವ) ಮಿಶ್ರಣದಲ್ಲಿ ಜೋರಾಗಿ ಓಡಿಸಿದರೆ ಪಿಸ್ಟನ್ನಿಗೇ ಅಪಾಯ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಹತ್ತಿರದಲ್ಲೇ ಓಡಾಡುವ ಬೈಕಿನಲ್ಲಿ ಅದು ವೂಲ್ ಒಳಗೇ ನಿಂತು ತಗಡು ತಿನ್ನುತ್ತದೆ. ನನ್ನದು ಹೀಗೇ ತೂತು ಬಿದ್ದು ಶಬ್ದ ಮೊದಲಿಗಿಂತ ಜೋರಾಯಿತು. ಸೈಲೆನ್ಸರಿನ ಅತಿ ತಗ್ಗಿನ ಜಾಗದಲ್ಲಿ ನೀರು ಇಳಿಯುವ ಸಣ್ಣ ತೂತು ಇರುತ್ತದೆ, ಅದನ್ನು ಮುಚ್ಚಬೇಡಿ.

ಇನ್ನೊಂದು, ಇದನ್ನು ಓದುವ ಟೂ ಸ್ಟ್ರೋಕ್ ಗೆಳೆಯರು ಈ ಬ್ಯಾಫಲ್ ಪ್ರಯೋಗ ಮಾಡಬೇಡಿ. ಅಲ್ಲಿ ಪೈಪಿನ ಆಕಾರವೇ ಎಂಜಿನ್ನಿನ ಭಾಗ ಇದ್ದಂತೆ. ಮಸಿ ಕಟ್ಟಿದ್ದರೆ ಕ್ಲೀನ್ ಮಾಡಿ, ಅಷ್ಟೇ.

ಕೇಳಿದವರು ಮತ್ತೆ

ತುಂಬಾ ಥ್ಯಾಂಕ್ಸ್. ಟೈಮಿಂಗ್ ಸರಿ ಇತ್ತು, ಲೀಕ್ ಇತ್ತು. ರಿಂಗ್ ಬದಲಿಸಿದೆ, ಪಟಪಟ ಮುಕ್ಕಾಲು ಪಾಲು ನಿಂತಿದೆ. ವೂಲ್ ಕೂಡ ತುಂಬಿದೆ, ದನಿ ನಿಜಕ್ಕೂ ಚೆನ್ನಾಗಿದೆ. ಆದರೆ ನಿಧಾನವಾಗಿ ಓಡಿಸಿದರೆ ಪ್ಲಗ್ ಕಪ್ಪಾಗುತ್ತಿದೆ. ಜೋರಾಗಿ ಹೋದರೆ ಬಣ್ಣ ಸರಿಯಾಗಿದೆ.

ಉತ್ತರ 1

ಕೇಳಿ ಖುಷಿಯಾಯಿತು. ಹಾಗಾದರೆ ಮೇನ್ ಜೆಟ್ ಮುಟ್ಟಬೇಡಿ, ಪೈಲಟ್ ಮಾತ್ರ ನೋಡಿ. ನಿಮ್ಮ ಪೈಲಟ್ ಸ್ಕ್ರೂ ಪೆಟ್ರೋಲ್ ಬದಲು ಗಾಳಿ ಬಿಡುವಂಥದ್ದಾಗಿದ್ದರೆ ಕಾಲು ಸುತ್ತು ಹೊರಗೆ ಬಿಚ್ಚಿ. ಐಡ್ಲಿಂಗ್ ಏರಿದರೆ ಥ್ರಾಟಲ್ ಸ್ಟಾಪ್ ಸ್ಕ್ರೂನಿಂದ (ಸ್ಲೈಡ್ ಎಷ್ಟು ಕೆಳಗೆ ನಿಲ್ಲಬೇಕೆಂದು ಹಿಡಿಯುವ ಸ್ಕ್ರೂ) ಇಳಿಸಿ, ಮತ್ತೆ ಕಾಲು ಸುತ್ತು ನೋಡಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೇ ಮಾಡಿ, ಚೋಕ್ ತೆಗೆದಿದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ.